ಕುರ್ಚಿ ಇಲ್ಲದ ಅಂಗಡಿ

ನವನಗರದ ತಿರುವಿನಾಗ ಹಸಿರು ಬೋರ್ಡಿನ ಅಂಗಡಿ ನಮ್ಮದು.
ನಮ್ಮದು ಅಂದರ, ಮುಂಜಾನೆ ಶಟರ್ ಎತ್ತೂದು ನಾವು,
ರಾತ್ರಿ ಕೀಲಿ ಹಾಕೂದು ನಾವು.
ಮಾಲಕರನ್ನ ಯಾರೂ ಕಂಡಿಲ್ಲ.

ಹೊರಗ ನಲವತ್ತೆರಡು ಡಿಗ್ರಿ, ಡಾಂಬರು ಮೆತ್ತಗಾಗಿರತೈತಿ.
ಒಳಗ ಇಪ್ಪತ್ನಾಕು.
ಗುಳಿಗಿ ಕೆಡಬಾರದಂತ ಹಾಕಿದ ಎಸಿ,
ಗುಳಿಗಿ ಪುಣ್ಯಾದಾಗ ನಾನೂ ಕೆಡದ ಉಳಿದೀನಿ.
ಅವ್ವ ಒಮ್ಮೆ ಬಂದು, ಗಾಜಿನ ಬಾಗಲ ಮುಂದ ಚಪ್ಪಲ ಬಿಟ್ಟು,
ತಂಪು ಗಾಳಿಗೆ ಸೆರಗು ಹೊದ್ದು ನಿಂತು ಅಂದಳು:
"ಉಳ್ಳಾಗಡ್ಡಿ ಕೀಳೂ ಕೆಲಸಲ್ಲ, ಬಿಸಲಾಗ ಬಾಗೂ ಕೆಲಸಲ್ಲ,
ಏನ್ ಪುಣ್ಯಾ ಮಾಡಿದ್ದೆವ್ವಾ."
ಅಕಿ ನನ್ನ ಮಾರಿ ನೋಡಿದಳು, ಕಾಲು ನೋಡಲಿಲ್ಲ.

ಒಂದನೇ ತಾರೀಖಿಗೆ ಫೋನು ಟಿಣ್ ಅಂತೈತಿ.
ಮೂರು ವರ್ಷಾತು, ಒಮ್ಮಿನೂ ತಪ್ಪಿಲ್ಲ.
ಪಿಎಫ್ ಅಂತ ಒಂದಿಷ್ಟು ಹಿಡೀತಾರ;
ನಮ್ಮ ಮನಿತನದಾಗ ಮುಪ್ಪಿಗಂತ ರೊಕ್ಕ ಎತ್ತಿಟ್ಟಾಕಿ
ನಾನ ಮೊದಲನೇದಾಕಿ.
ಎದಿಮ್ಯಾಲ ಹೆಸರಿನ ಬಿಲ್ಲೆ. ದಾಕ್ಷಾಯಣಿ ಹಿಡಸಲಿಲ್ಲಂತ
ಹೆಡ್ ಆಫೀಸಿನವರು ದಾಕ್ಷಾ ಮಾಡಿ ಕಳಿಸ್ಯಾರ.
ಉಳದ ಎರಡಕ್ಷರ ಮನಿಗೆ ಹೋದಮ್ಯಾಲ ಹಚಗೋತೀನಿ.

ಊರಿನ ಗುಟ್ಟು ನನ್ನ ಕಡೆ ಅದಾವ.
ಯಾರಿಗೆ ನಿದ್ದಿ ಬರೂದಿಲ್ಲ, ಯಾವ ಮಾಸ್ತರರ ಕೈ ನಡಗತಾವ,
ಬಸಿರು ನೋಡೂ ಪಟ್ಟಿ ಕೇಳಾಕ ಬಂದ ಹುಡುಗಿ
ಮೊದಲ ಎರಡು ಚಾಕ್ಲೇಟು, ಒಂದು ಬಾಚಣಿಕಿ ಯಾಕ ತಗೊಂಡಳು.
ನಾ ಏನೂ ಅನ್ನೂದಿಲ್ಲ, ಪೇಪರಿನಾಗ ಸುತ್ತಿ ಕೊಡತೀನಿ.
ನಾಳೆ ಸಂತ್ಯಾಗ ಎದುರಾದರ
ಅಕಿ ಬದನಿಕಾಯಿ ನೋಡತಾಳ,
ನಾನೂ ಬದನಿಕಾಯಿ ನೋಡತೀನಿ.

ಕಮತಗಿಯಿಂದ ಬರೂ ನೇಕಾರ ಮುದುಕಗ ಬಿಪಿ ಗುಳಿಗಿ.
"ನಾಕ ಕೊಡವ್ವಾ, ಸೋಮವಾರ ಮತ್ತ ಬರತೀನಿ."
ಪಟ್ಟಿ ಕತ್ತರಿಸೂವಾಗ ತಾರೀಖಿದ್ದ ತುದಿ ನಮ್ಮಲ್ಲೇ ಉಳೀಬೇಕು, ರೂಲು.
ಅಂವಗ ತಾರೀಖಿಲ್ಲದ ನಾಕು ದಿನ ಕೊಡತೀನಿ.
ಕೊಟ್ಟಮ್ಯಾಲ ಕೇಳಾಕ ಬೇಕು, ನೆತ್ತಿಮ್ಯಾಲ ಕ್ಯಾಮೆರಾ ಐತಿ:
"ಮತ್ತೇನರ ಬೇಕೇನ್ರಿ? ಪ್ರೋಟೀನ್ ಪುಡಿ, ಅಂಗಾಲಿನ ಕ್ರೀಮು,
ಎರಡು ತಗೊಂಡರ ಒಂದು ಫ್ರೀ."
ಅಂವ ನಕ್ಕು, ಧೋತರದ ಗಂಟು ಬಿಗಿ ಮಾಡಿಕೊಂಡು ಹೊರಗ ಹ್ವಾದ.
ರಾತ್ರಿ ಒಂಬತ್ತಕ್ಕ ಫೋನು: "ಬಾಗಲಕೋಟಿ ಯಾಕ ಕೆಳಗೈತಿ?"
ಏನಂತ ಹೇಳೂದು.
ಜನ ಈ ವಾರ ಆರಾಮ ಅದಾರ್ರಿ, ಸರ್.

ಬಾಜೂ ಕೌಂಟರಿನಾಗ ಬಸಲಿಂಗಯ್ಯ ಕಾಕಾ.
ಹಳೇ ಊರಾಗ ಇಪ್ಪತ್ತಾರು ವರ್ಷ ಅಂವಂದ ಮೆಡಿಕಲ್ ಇತ್ತು.
ಹಿನ್ನೀರು ಬಂತು, ಕಪಾಟು ಹೊತ್ತು ಇಲ್ಲಿಗೆ ಬಂದ.
ನಾವು ಬಂದಿವಿ, ಇದನ್ನೂ ಮುಚ್ಚಿದ.
ನಾವು ಅಂದರ, ಈ ಹಸಿರು ಬೋರ್ಡು.
ಈಗ ಹಸಿರು ಟಿ-ಶರ್ಟಿನಾಗ, ಹಣಿಮ್ಯಾಲ ವಿಭೂತಿ, ನಿಂತಾನ.
ಹೋದ ತಿಂಗಳು ಲೆಕ್ಕದಾಗ ಗ್ರೈಪ್ ವಾಟರ್ ಬಾಟ್ಲಿ ಕಡಿಮಿ ಬಿದ್ದು
ನಾಕೂ ಮಂದಿ ಪಗಾರದಾಗ ಮುರಕೊಂಡರು.
ನಾ ಒದರಾಡಿದೆ. ಕಾಕಾ ಅಂದ:
"ನನ್ನ ಅಂಗಡ್ಯಾಗ ಕಳುವಾದರ ಪೂರಾ ನಂದ ಹೋಗತಿತ್ತು.
ಇಲ್ಲಿ ನಾಕನೇ ಪಾಲು. ಲಾಭಾನ ಅನ್ನು."
ಸ್ವಲ್ಪ ಹೊತ್ತು ಬಿಟ್ಟು:
"ಖರೆ, ಅಲ್ಲಿ ಕುರ್ಚಿ ಇತ್ತು."

ಮೊಣಕಾಲ ಹಿಂದ ನೀಲಿ ನರ ಎದ್ದಾವ,
ಸಾಲಿ ಗ್ವಾಡಿಮ್ಯಾಲಿನ ನಕಾಶಿನ ಹೊಳಿಗಳಂಗ.
ಮಂದಿಗೆ ಮಾರೂ ಬಿಗಿ ಕಾಲಚೀಲ
ನನಗೂ ಒಂದು ಜೋಡಿ ತಗೊಂಡೆ,
ಸಿಬ್ಬಂದಿ ರಿಯಾಯ್ತಿ ನೂರಕ್ಕ ಹದಿನೈದು.
ಅದನ್ನೂ ಲಾಭದ ಕಡೆ ಬರಕೋರಿ.
ಕಾಕಾ ಬಿಲ್ ಮಾಡಿ, ರೂಢಿಲೆ ಕೇಳಿದ:
"ಮತ್ತೇನರ ಬೇಕೇನ್ರಿ?"
ಇಬ್ಬರಿಗೂ ನಗಿ ತಡೀಲಿಲ್ಲ.

ಮರುದಿನ ಅಂವ ಡಯಪರಿನ ತುಂಬಿದ ಖೋಕಾ ಒಂದು ತಂದು
ಕ್ಯಾಮೆರಾ ಕಣ್ಣಿಗೆ ಸಿಗದ ಮೂಲ್ಯಾಗ ಇಟ್ಟ.
ಐದೈದು ನಿಮಿಷ, ಪಾಳಿ ಪ್ರಕಾರ.
ಮೊದಲ ಅಂವ ಕೂತ, ಕಣ್ಣ ಮುಚ್ಚಿ.
ಆಮ್ಯಾಲ ನಾನು.
ಹೊರಗ ಯಾರೋ ಬೈಕ್ ನಿಲ್ಲಿಸಿದ ಸಪ್ಪಳ.
ಇನ್ನೂ ಮೂರು ನಿಮಿಷ ನಂದೈತಿ.